ಸಾಂಜೆ ಜಲಪಾತ ಹತ್ತುವ ಬಗೆ: ಟಾಂಜಾನಿಯಾದ ಉಡ್ಜುಂಗ್ವಾ ಮಳೆಕಾಡಿಗೆ ಹೊರಟವರಿಗೆ

ಟಾಂಜಾನಿಯಾಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ಸೆರೆಂಗೆಟಿ, ಕಿಲಿಮಂಜಾರೋ, ಜಾಂಜಿಬಾರ್ ಮುಗಿಸಿ ವಿಮಾನ ಹತ್ತಿಬಿಡುತ್ತಾರೆ. ದೇಶದ ದಕ್ಷಿಣ ಭಾಗದಲ್ಲಿ, ಕಿಲೊಂಬೆರೋ ಕಣಿವೆಯ ಅಂಚಿಗೆ ಗೋಡೆಯಂತೆ ಎದ್ದು ನಿಂತ ಉಡ್ಜುಂಗ್ವಾ ಬೆಟ್ಟಗಳ ಕಡೆ ತಲೆ ಹಾಕುವವರು ಕಡಿಮೆ. 1992ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನ ವಿಸ್ತಾರ 1,990 ಚದರ ಕಿ.ಮೀ. ಒಳಗೆ ಜೀಪು ಓಡುವ ಸಫಾರಿ ರಸ್ತೆಗಳಿಲ್ಲ, ಏನು ನೋಡಬೇಕಿದ್ದರೂ ನಡೆದೇ ನೋಡಬೇಕು. ಅಲ್ಲಿ ಹೆಚ್ಚು ಜನ ನಡೆಯುವ ದಾರಿಯೇ ಸಾಂಜೆ ಜಲಪಾತದ್ದು. ನೀರು ಮೂರು ಹಂತಗಳಲ್ಲಿ ಒಟ್ಟು ಸುಮಾರು 170 ಮೀಟರ್ ಇಳಿಯುತ್ತದೆ.

ದಾರಿ ದೊಡ್ಡದೇನಲ್ಲ, ಒಂದು ಸುತ್ತು ಹಾಕಿ ಬರಲು ನಾಲ್ಕೈದು ಗಂಟೆ ಸಾಕು. ಹಾಗಿದ್ದೂ ಸುಸ್ತಾಗಿ ಕೂರುವವರು, ಜಾರಿ ಮೊಣಕಾಲು ಕೆತ್ತಿಸಿಕೊಳ್ಳುವವರು, ಗೇಟಿನಿಂದಲೇ ವಾಪಸಾಗುವವರು ಇದ್ದೇ ಇರುತ್ತಾರೆ. ಬಹುಪಾಲು ತಪ್ಪುಗಳು ನಡೆಯುವುದು ಗಡಿಯಾರ ಮತ್ತು ನೀರಿನ ವಿಷಯದಲ್ಲಿ. ಅಲ್ಲಿ ತಡವಾಗಿ ಹೊರಡಬಾರದು, ಮತ್ತು ನೀರನ್ನು ನಂಬಬಾರದು.

ಯಾವಾಗ ಹೋಗಬೇಕು

ದೊಡ್ಡ ಮಳೆ ಮಾರ್ಚ್‌ನಿಂದ ಮೇ ತನಕ. ನವೆಂಬರ್, ಡಿಸೆಂಬರ್‌ನಲ್ಲಿ ಇನ್ನೊಂದು ಸಣ್ಣ ಮಳೆಗಾಲ. ಜೂನ್‌ನಿಂದ ಅಕ್ಟೋಬರ್ ಒಣ ತಿಂಗಳುಗಳು. ನಮ್ಮ ಜೋಗದ ಲೆಕ್ಕವನ್ನು ಇಲ್ಲಿಗೆ ಹಾಕಿದರೆ ತಪ್ಪುತ್ತದೆ. ಮೇಲಿನ ಕಾಡು ನೀರು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದ ಸಾಂಜೆ ಹೊಳೆ ಒಣ ತಿಂಗಳುಗಳಲ್ಲೂ ಬತ್ತುವುದಿಲ್ಲ, ಸೆಪ್ಟೆಂಬರ್ ಹೊತ್ತಿಗೆ ಸಣ್ಣಗಾಗುತ್ತದೆ ಅಷ್ಟೆ. ನೀರೂ ಇರಬೇಕು, ಕಾಲಿಗೆ ಹಿಡಿತವೂ ಸಿಗಬೇಕು ಅನ್ನುವವರಿಗೆ ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ಸರಿಯಾದ ಸಮಯ. ಏಪ್ರಿಲ್‌ನಲ್ಲಿ ಜಲಪಾತ ಭೋರ್ಗರೆಯುತ್ತದೆ ನಿಜ, ಆದರೆ ದಾರಿಯ ಕೆಂಪು ಮಣ್ಣು ಸೋಪು ಹಚ್ಚಿದಂತಾಗಿರುತ್ತದೆ ಮತ್ತು ಜಲಪಾತದ ಕೆಳಗಿನ ಹೊಂಡಕ್ಕೆ ಇಳಿಯುವ ಮಾತೇ ಇರುವುದಿಲ್ಲ.

ಊರು ಬಿಡುವ ಮುನ್ನ

ಭಾರತೀಯರಿಗೆ ವೀಸಾ ಬೇಕು. ಟಾಂಜಾನಿಯಾ ಸರ್ಕಾರದ ವಲಸೆ ಇಲಾಖೆಯ ತಾಣದಲ್ಲೇ ಇ-ವೀಸಾಗೆ ಅರ್ಜಿ ಹಾಕಿ. ಒಂದು ಸಲದ ಸಾಮಾನ್ಯ ಪ್ರವಾಸಿ ವೀಸಾಗೆ 50 ಡಾಲರ್. ಹುಡುಕಿದಾಗ ಮೊದಲು ಕಾಣುವ ತಾಣಗಳಲ್ಲಿ ಕೆಲವು ಏಜೆಂಟರವು, ದುಪ್ಪಟ್ಟು ಕೇಳುತ್ತವೆ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಗೊಂದಲ ಹೆಚ್ಚು. ಭಾರತದಿಂದ ನೇರ ಹೋದವರಿಂದ ಟಾಂಜಾನಿಯಾ ಪ್ರಮಾಣಪತ್ರ ಕೇಳುವುದಿಲ್ಲ. ಆದರೆ ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸುವಾಗ 12 ಗಂಟೆಗಿಂತ ಹೆಚ್ಚು ಹೊತ್ತು ಉಳಿದರೆ ಕೇಳುತ್ತದೆ. ಹಿಂತಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಆಫ್ರಿಕಾದಿಂದ ಬಂದವರನ್ನು ಬಿಗಿಯಾಗಿಯೇ ವಿಚಾರಿಸುತ್ತಾರೆ. ಒಂದು ಸಲ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುವ ಲಸಿಕೆ ಇದು, ಹಾಕಿಸಿಕೊಂಡೇ ಹೋಗುವುದು ಜಾಣತನ. ಪ್ರಮಾಣಪತ್ರ ಲಸಿಕೆ ಹಾಕಿದ ಹತ್ತು ದಿನಗಳ ನಂತರವಷ್ಟೇ ಊರ್ಜಿತ ಎಂಬುದು ನೆನಪಿರಲಿ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ಮಲೇರಿಯಾ ಇದಕ್ಕಿಂತ ಗಂಭೀರ. ಕಿಲೊಂಬೆರೋ ಕಣಿವೆ ಮಲೇರಿಯಾಕ್ಕೆ ಹೆಸರಾದ ಜಾಗ, ಅಲ್ಲಿರುವುದು ಅಪಾಯಕಾರಿಯಾದ ಫಾಲ್ಸಿಪಾರಂ ಬಗೆ. ಮುನ್ನೆಚ್ಚರಿಕೆಯ ಮಾತ್ರೆ ಬೇಕೇಬೇಕು. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮುಂಚೆ ಶುರುಮಾಡಿ, ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಬಂದ ಮೇಲೆ ಏಳು ದಿನ ಸಾಕು. ಯಾವುದು ನಿಮಗೆ ಸರಿ ಎಂದು ವೈದ್ಯರು ಹೇಳಲಿ. ಡಾಕ್ಸಿ ನುಂಗುವವರಿಗೆ ಬಿಸಿಲು ಬೇಗ ಚರ್ಮ ಸುಡುತ್ತದೆ, ತೋಳು ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಹಣದ ವಿಷಯ. ಉದ್ಯಾನದ ಶುಲ್ಕವನ್ನು ಕಾರ್ಡಿನಲ್ಲಿ ಕಟ್ಟಬೇಕು, ಗೇಟಿನಲ್ಲಿ ನೋಟು ಹಿಡಿದು ನಿಂತರೆ ಕೆಲಸವಾಗುವುದಿಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಒಯ್ಯಿರಿ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯ ಗುಂಡಿ ಆನ್ ಆಗಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ, ನಮ್ಮ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಊಟ, ಆಟೋ, ಭಕ್ಷೀಸಿಗೆ ಶಿಲ್ಲಿಂಗ್ ನಗದು ಬೇಕು. ಅದನ್ನು ಮೊರೊಗೊರೊ ಪಟ್ಟಣದಲ್ಲೇ ತೆಗೆದುಕೊಂಡುಬಿಡಿ.

ಪ್ಲಾಸ್ಟಿಕ್ ಕೈಚೀಲ ಟಾಂಜಾನಿಯಾದಲ್ಲಿ 2019ರ ಜೂನ್‌ನಿಂದ ನಿಷಿದ್ಧ. ಚಟ್ನಿಪುಡಿ, ಅವಲಕ್ಕಿ, ನಿಪ್ಪಟ್ಟನ್ನು ಅಂಗಡಿ ಕವರಿನಲ್ಲಿ ಕಟ್ಟಿಕೊಂಡು ಹೋಗಬೇಡಿ. ಡಬ್ಬಿಯಲ್ಲೋ ಬಟ್ಟೆ ಚೀಲದಲ್ಲೋ ಇರಲಿ.

ಮಂಗುಲಾ ತಲುಪುವುದು

ಉದ್ಯಾನದ ಕಚೇರಿ ಇರುವ ಊರು ಮಂಗುಲಾ. ದಾರ್ ಎಸ್ ಸಲಾಮ್‌ನಿಂದ ಸುಮಾರು 350 ಕಿ.ಮೀ. ಮೊರೊಗೊರೊ, ಮಿಕುಮಿ, ಅಲ್ಲಿಂದ ಎಡಕ್ಕೆ ಹೊರಳಿ ಕಿಡಾಟು, ಮುಂದೆ ಮಂಗುಲಾ. ಬಾಡಿಗೆ ಕಾರಿನಲ್ಲಿ ಏಳು ಗಂಟೆ ಇಟ್ಟುಕೊಳ್ಳಿ. ಬಸ್ಸಿನಲ್ಲಾದರೆ ಇಫಕಾರಾಕ್ಕೆ ಹೋಗುವ ಬಸ್ ಹತ್ತಿ ಮಂಗುಲಾದಲ್ಲಿ ಇಳಿಯಬೇಕು. ದಾರ್‌ನ ಬಸ್ಸುಗಳು ಈಗ ಹೊರಡುವುದು ಊರ ಹೊರಗಿನ ಮಗುಫುಲಿ ನಿಲ್ದಾಣದಿಂದ. ನಗರದೊಳಗಿಂದ ಅಲ್ಲಿಗೆ ತಲುಪುವುದಕ್ಕೇ ಬೆಳಗಿನ ಟ್ರಾಫಿಕ್ಕಿನಲ್ಲಿ ಗಂಟೆ ಮೇಲಾಗುತ್ತದೆ.

ಇದಕ್ಕಿಂತ ಆರಾಮದ ದಾರಿ 2024ರಲ್ಲಿ ತೆರೆದಿದೆ. ದಾರ್‌ನಿಂದ ಮೊರೊಗೊರೊಗೆ ಹೊಸ ವಿದ್ಯುತ್ ರೈಲು ಎರಡು ಗಂಟೆಯ ಸುಮಾರಿಗೆ ತಲುಪಿಸುತ್ತದೆ. ಟಿಕೆಟ್‌ಗೆ ಪಾಸ್‌ಪೋರ್ಟ್ ಬೇಕು. ರೈಲು ನಿಲ್ದಾಣದಿಂದ ಮ್ಸಾಂವು ಬಸ್ ನಿಲ್ದಾಣಕ್ಕೆ ಬಜಾಜಿ ಹಿಡಿಯಿರಿ, ಅಲ್ಲಿ ಆಟೋಗಳಿಗೆ ಆ ಹೆಸರೇ ಅಂಟಿಕೊಂಡಿದೆ. ಅಲ್ಲಿಂದ ಇಫಕಾರಾ ಬಸ್. ಹಳೆಯ ತಜಾರಾ ರೈಲೂ ಮಂಗುಲಾದಲ್ಲಿ ನಿಲ್ಲುತ್ತದೆ, ಕಾಡಿನ ನಡುವೆ ಹಾಯುವ ಚಂದದ ಪ್ರಯಾಣವೂ ಹೌದು. ಆದರೆ ಗಂಟೆಗಟ್ಟಲೆ ತಡವಾಗುವುದು ಅದರ ಹಳೇ ಚಾಳಿ. ಮರುದಿನ ಬೆಳಿಗ್ಗೆ ಹತ್ತುವ ಯೋಜನೆ ಇದ್ದವರು ಅದನ್ನು ನೆಚ್ಚಬೇಡಿ.

ಸ್ವಂತ ವಾಹನದವರಿಗೆ ಎರಡು ಮಾತು. ಹೆದ್ದಾರಿ ಮಿಕುಮಿ ರಾಷ್ಟ್ರೀಯ ಉದ್ಯಾನದ ನಡುವೆಯೇ 50 ಕಿ.ಮೀ. ಹಾಯುತ್ತದೆ. ಅಲ್ಲಿ ವೇಗದ ಮಿತಿ ಇದೆ, ಪ್ರಾಣಿಗೆ ಗುದ್ದಿದರೆ ಪ್ರಾಣಿಯ ಲೆಕ್ಕದಲ್ಲಿ ಭಾರೀ ದಂಡ ಇದೆ. ಜಿರಾಫೆ, ಆನೆ ರಸ್ತೆಯಿಂದಲೇ ಕಾಣುತ್ತವೆ, ಕಂಡವೆಂದು ಇಳಿಯಬೇಡಿ. ಎರಡನೆಯದು, ಕಿಡಾಟು ಸುತ್ತ ಸಕ್ಕರೆ ಕಾರ್ಖಾನೆಯ ಸೀಮೆ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಕಬ್ಬಿನ ಲಾರಿ, ಟ್ರೇಲರುಗಳು ರಸ್ತೆ ತುಂಬ ಇರುತ್ತವೆ, ಕತ್ತಲಾದ ಮೇಲೆ ಹಿಂದಿನ ದೀಪ ಇರುವುದೂ ಖಾತ್ರಿಯಲ್ಲ. ಸಂಜೆ ಆರರೊಳಗೆ ಮಂಗುಲಾ ಸೇರಿಕೊಳ್ಳಿ. ಸಮಭಾಜಕಕ್ಕೆ ಹತ್ತಿರದ ಊರು, ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಕಗ್ಗತ್ತಲು.

ಮಂಗುಲಾದಲ್ಲಿ ಸಣ್ಣ ಲಾಡ್ಜುಗಳು, ಟೆಂಟ್ ಹಾಕುವ ಜಾಗಗಳು ಇವೆ. ಸಸ್ಯಾಹಾರಿಗಳು "ನ್ಯಾಮಾ (ಮಾಂಸ) ಬೇಡ" ಅಂದರೆ ಕೋಳಿಯೋ ಮೀನೋ ತಟ್ಟೆಗೆ ಬಂದೀತು, ಅವರ ಲೆಕ್ಕದಲ್ಲಿ ಅವು ಬೇರೆ. "ಸಿಲಿ ನ್ಯಾಮಾ, ಸಿಲಿ ಕುಕು, ಸಿಲಿ ಸಮಾಕಿ", ಅಂದರೆ ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ ಎಂದು ಮೂರನ್ನೂ ಹೇಳಿಬಿಡಿ. ವಾಲಿ ನಾ ಮಹರಾಗೆ ಕೇಳಿದರೆ ಅನ್ನ ಮತ್ತು ಬೇಯಿಸಿದ ಹುರುಳಿಕಾಯಿ ಬೀಜದ ಸಾರು ಸಿಗುತ್ತದೆ. ಜೊತೆಗೆ ಮ್ಚಿಚಾ, ಅಂದರೆ ನಮ್ಮ ಹರಿವೆಯ ಜಾತಿಯ ಸೊಪ್ಪು. ಚಪಾತಿ ಎಲ್ಲೆಡೆ ಉಂಟು.

ಹಿಂದಿನ ಸಂಜೆ ಮುಗಿಸಬೇಕಾದ ಕೆಲಸ

ಜಲಪಾತದ ದಾರಿ ಶುರುವಾಗುವುದು ಮಂಗುಲಾದಲ್ಲಲ್ಲ, ಉತ್ತರಕ್ಕೆ ಸುಮಾರು 10 ಕಿ.ಮೀ. ದೂರದ ಸಾಂಜೆ ಹಳ್ಳಿಯಲ್ಲಿ. ದುಡ್ಡು ಕಟ್ಟಿ ಚೀಟಿ ಪಡೆಯುವುದು ಮಾತ್ರ ಮಂಗುಲಾದ ಕಚೇರಿಯಲ್ಲಿ. ಬಸ್ ಸಾಂಜೆ ಹಾದೇ ಬರುವುದರಿಂದ ಅಲ್ಲೇ ಇಳಿದು ಸೀದಾ ಹತ್ತೋಣ ಎಂದು ಹೊರಟವರು ಮತ್ತೆ ಮಂಗುಲಾಗೆ ಬಂದು ಹೋಗಬೇಕಾಗುತ್ತದೆ, ಅಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತದೆ.

ಆದ್ದರಿಂದ ಹಿಂದಿನ ಸಂಜೆಯೇ ಕಚೇರಿಗೆ ಹೋಗಿ ಗೈಡ್ ಗೊತ್ತುಮಾಡಿ. ಗೈಡ್ ಇಲ್ಲದೆ ಕಾಡಿಗೆ ಬಿಡುವುದಿಲ್ಲ. ಪ್ರವೇಶ ಶುಲ್ಕ, ಗೈಡ್ ಶುಲ್ಕ ಬೇರೆ ಬೇರೆ. ಅದರ ಮೇಲೆ ತೆರಿಗೆ. ಬೆಟ್ಟದ ಆನೆಗಳು ಓಡಾಡುವ ಕಡೆ ಬಂದೂಕು ಹಿಡಿದ ರೇಂಜರ್ ಕೂಡ ಬೇಕಾದರೆ ಅದಕ್ಕೂ ಬೇರೆ.  ಮರುದಿನದ ಚೀಟಿಯ ಕೆಲಸ ಸಂಜೆಯೇ ಮುಗಿಸಿಕೊಂಡರೆ ಬೆಳಿಗ್ಗೆ ನೆಟ್‌ವರ್ಕ್ ಕೈಕೊಟ್ಟು ಕಾರ್ಡ್ ಯಂತ್ರದ ಮುಂದೆ ಕಾಯುವುದು ತಪ್ಪುತ್ತದೆ.

ಸಮಯ ಗೊತ್ತುಮಾಡುವಾಗ ಮೈಯೆಲ್ಲ ಕಿವಿಯಾಗಿರಿ. ಸ್ವಾಹಿಲಿಯಲ್ಲಿ ದಿನದ ಎಣಿಕೆ ಸೂರ್ಯೋದಯದಿಂದ ಶುರು. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ, ಸಾ ಮೋಜಾ. ಅವರ ಸಾ ತಾತು, ಮೂರು ಗಂಟೆ, ನಮ್ಮ ಬೆಳಗಿನ ಒಂಬತ್ತು. ಗೈಡ್ ಇಂಗ್ಲಿಷಿನಲ್ಲಿ ಮಾತಾಡಿದರೂ ಬಜಾಜಿಯವನು ಸ್ವಾಹಿಲಿ ಲೆಕ್ಕದಲ್ಲೇ ಇರುತ್ತಾನೆ. ಗಡಿಯಾರದ ಮುಳ್ಳು ತೋರಿಸಿ ಒಪ್ಪಂದ ಮಾಡಿಕೊಳ್ಳಿ. ಹಿಂತಿರುಗಿ ಕರೆದೊಯ್ಯಲು ಬರುವ ಸಮಯವನ್ನೂ ಹೀಗೆಯೇ.

ಚೀಲದಲ್ಲಿ ಏನಿರಬೇಕು

ತಲೆಗೆ ಮೂರು ಲೀಟರ್ ನೀರು. ಬುಡದ ಎತ್ತರ ಸಮುದ್ರಮಟ್ಟದಿಂದ 300 ಮೀಟರ್ ಆಸುಪಾಸು, ಕಾಡಿನೊಳಗೆ ಗಾಳಿಯಾಡುವುದಿಲ್ಲ, ಬೆವರು ಆರುವುದಿಲ್ಲ. ಒಂದು ಲೀಟರಿನಲ್ಲಿ ಮುಗಿಸುತ್ತೇವೆಂದು ಹೊರಟವರು ಅರ್ಧ ದಾರಿಯಲ್ಲೇ ಬಾಟಲಿ ಬರಿದುಮಾಡುತ್ತಾರೆ. ಎರಡು ಪೊಟ್ಟಣ ಓಆರ್‌ಎಸ್, ಬಾಳೆಹಣ್ಣು, ಕಡಲೆಬೀಜ. ಜೀನ್ಸ್ ಬೇಡ, ಒದ್ದೆಯಾದರೆ ಆರುವುದಿಲ್ಲ, ತೊಡೆ ಉಜ್ಜಿ ಹುಣ್ಣಾಗುತ್ತದೆ. ತೆಳುವಾದ ಉದ್ದ ಪ್ಯಾಂಟು, ಉದ್ದ ತೋಳಿನ ಅಂಗಿ. ಕಡು ನೀಲಿ, ಕಪ್ಪು ಬಣ್ಣ ತ್ಸೆತ್ಸೆ ನೊಣವನ್ನು ಕರೆಯುತ್ತವೆ. ಮಿಕುಮಿ ಉದ್ಯಾನವನ್ನೂ ನೋಡಿ ಹೋಗುವವರು ಖಾಕಿ, ಬೂದು ಬಣ್ಣ ಆರಿಸಿಕೊಳ್ಳಿ. ಬೂಟಿನ ಅಡಿ ಆಳವಾದ ಗೀರುಗಳದ್ದಾಗಿರಲಿ, ಈಗಾಗಲೇ ಹಾಕಿ ಪಳಗಿಸಿದ್ದಾಗಿರಲಿ. ಮೊಬೈಲಿಗೆ ನೀರು ಹೋಗದ ಚೀಲ. ಇಳಿಯುವಾಗ ಮೊಣಕಾಲಿಗೆ ಆಸರೆಯಾಗಲು ಒಂದು ಕೋಲು. ಡೀಟ್ ಇರುವ ಸೊಳ್ಳೆ ಮುಲಾಮು. ಅಗಲದ ಅಂಟು ಪಟ್ಟಿ ಒಂದು ಸುರುಳಿ, ಯಾಕೆಂದು ಮುಂದೆ ಹೇಳುತ್ತೇವೆ.

ಮಲೆನಾಡಿನ ಮಳೆಕಾಡು ಸುತ್ತಿದವರು ಸುಣ್ಣ, ಹೊಗೆಸೊಪ್ಪು, ಉಪ್ಪು ಕಟ್ಟಿಕೊಳ್ಳುವ ಅಭ್ಯಾಸದವರು. ಅವನ್ನು ಮನೆಯಲ್ಲೇ ಬಿಡಿ. ಆಫ್ರಿಕಾದ ಮುಖ್ಯ ಭೂಭಾಗದ ಕಾಡುಗಳಲ್ಲಿ ನೆಲದ ಮೇಲೆ ಹರಿದು ಬಂದು ಕಾಲಿಗೆ ಹತ್ತುವ ಉಂಬಳ ಇಲ್ಲ. ಪ್ಯಾಂಟಿನ ಬಾಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳುವುದು ಮಾತ್ರ ಇಲ್ಲೂ ಬೇಕು, ಕಾರಣ ಸಿಯಾಫು ಇರುವೆ. ಬೆರಳ ಅಗಲದ ಕಪ್ಪು ಹಗ್ಗದಂತೆ ದಾರಿಗೆ ಅಡ್ಡ ಸಾಗುತ್ತಿರುತ್ತವೆ. ನಿಂತು ನೋಡಬೇಡಿ, ದೊಡ್ಡ ಹೆಜ್ಜೆ ಹಾಕಿ ದಾಟಿ. ಒಂದು ಹತ್ತಿತೆಂದರೆ ಹತ್ತಾರು ಹತ್ತಿರುತ್ತವೆ, ಕಚ್ಚಿದ್ದನ್ನು ಕೈಯಿಂದ ಒಂದೊಂದಾಗಿ ಕೀಳಬೇಕು.

ಹತ್ತುವುದು

ಬೆಳಿಗ್ಗೆ ಏಳಕ್ಕೆ ಸಾಂಜೆ ಹಳ್ಳಿಯಲ್ಲಿ ಇರಿ. ಈ ಬೆಟ್ಟದ ಮೈ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ನೇರ ಜಲಪಾತದ ಮೇಲೆ ಬೀಳುತ್ತದೆ, ಮಧ್ಯಾಹ್ನ ಕಳೆಯುತ್ತಿದ್ದಂತೆ ಬೆಟ್ಟದ ನೆರಳು ಅದನ್ನು ನುಂಗುತ್ತದೆ. ಕಾಮನಬಿಲ್ಲು ಬೇಕೆಂದರೂ ಬೆಳಿಗ್ಗೆಯೇ, ಬುಡದಲ್ಲೇ. ಸೂರ್ಯ ಬೆನ್ನಿಗಿರಬೇಕು, ದಿಗಂತದಿಂದ 42 ಡಿಗ್ರಿ ಎತ್ತರಕ್ಕಿಂತ ಕೆಳಗಿರಬೇಕು. ಆ ಅಕ್ಷಾಂಶದಲ್ಲಿ ತಿಂಗಳಿಗೆ ತಕ್ಕಂತೆ ಒಂಬತ್ತರಿಂದ ಹತ್ತರ ನಡುವೆ ಸೂರ್ಯ ಆ ಎತ್ತರ ದಾಟುತ್ತಾನೆ. ಆಮೇಲೆ ತುಂತುರಿನ ಮುಂದೆ ಎಷ್ಟು ಹೊತ್ತು ನಿಂತರೂ ಕಣ್ಣಮಟ್ಟಕ್ಕಿಂತ ಮೇಲೆ ಬಿಲ್ಲು ಕಾಣದು.

ಏರು ಕಡಿದು, ಬೇರು, ಬಂಡೆಗಳ ಮೆಟ್ಟಿಲಿನದು. ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನ ನಡೆಯಿರಿ, ಮಾತಾಡುತ್ತ ಏರಲು ಆಗುವಷ್ಟು. ಗೈಡ್ "ಪೋಲೆ ಪೋಲೆ" ಅನ್ನುವುದು ಇದಕ್ಕೇ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ನೀರು, ಬಾಯಾರಿಕೆ ಆಗಲಿ ಆಗದಿರಲಿ.

ತಲೆ ಎತ್ತಿ ನೋಡುತ್ತಿರಿ. ಕಪ್ಪು ಬಿಳುಪಿನ ಕೊಲೊಬಸ್ ಕೋತಿ, ಈ ಬೆಟ್ಟಗಳಲ್ಲಿ ಮಾತ್ರ ಇರುವ ಕೆಂಪು ಕೊಲೊಬಸ್ ಸುಲಭವಾಗಿ ಕಾಣುತ್ತವೆ. ಊರಿನ ಹೆಸರನ್ನೇ ಹೊತ್ತ ಸಾಂಜೆ ಮಂಗಬೇ ಕಾಣುವುದು ಅದೃಷ್ಟ. ಇಷ್ಟು ದೊಡ್ಡ ಕೋತಿಯೊಂದು ಇಲ್ಲಿದೆ ಎಂದು ವಿಜ್ಞಾನಕ್ಕೆ ಗೊತ್ತಾಗಿದ್ದೇ 1979ರಲ್ಲಿ, ಅದೂ ಮೊದಲು ಅದರ ಕೂಗಿನಿಂದ. ಯಾವುದಕ್ಕೂ ತಿನ್ನಲು ಕೊಡಬೇಡಿ. ನೆಗಡಿ, ಕೆಮ್ಮು ಇದ್ದರೆ ಮಾಸ್ಕ್ ಹಾಕಿಕೊಳ್ಳಿ, ನಮ್ಮ ಸೋಂಕು ಅವಕ್ಕೂ ತಗಲುತ್ತದೆ.

ಕೈ ಎಲ್ಲೆಂದರಲ್ಲಿ ಇಡಬೇಡಿ. ಕಾಡಿನಂಚಿನ ಬೆಳಕು ಬೀಳುವ ಕಡೆ ಉಪುಪು ಬಳ್ಳಿ ಇರುತ್ತದೆ. ನಮ್ಮ ನಸುಗುನ್ನಿಯೇ ಅದು. ಕಾಯಿಯ ಕಂದು ರೋಮ ತಾಗಿದರೆ ಜನ್ಮದಲ್ಲಿ ಮರೆಯದ ತುರಿಕೆ. ಉಜ್ಜಿದಷ್ಟೂ ರೋಮ ಒಳಗೆ ಹೋಗುತ್ತದೆ, ಬೆವರು ಒರೆಸಿದ ಟವೆಲಿನಿಂದ ಮುಖಕ್ಕೂ ದಾಟುತ್ತದೆ. ಚೀಲದ ಅಂಟು ಪಟ್ಟಿ ಇದಕ್ಕೇ. ಚರ್ಮದ ಮೇಲೆ ಒತ್ತಿ ಒಂದೇ ಎಳೆತಕ್ಕೆ ಕೀಳಿ, ಹೊಸ ತುಂಡು ಹಚ್ಚಿ, ಮತ್ತೆ ಕೀಳಿ. ಆಮೇಲೆ ನೀರು ಹರಿಸಿ. ಆ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ತುರುಕಬೇಡಿ.

ನೀರಿನ ಹತ್ತಿರ

ಹೆಚ್ಚಿನ ಪೆಟ್ಟು ಆಗುವುದು ಇಲ್ಲೇ. ಒಣಗಿದ ಬಂಡೆ ಬೂದು ಬಣ್ಣ, ಕಾಲು ನಿಲ್ಲುತ್ತದೆ. ತುಂತುರು ತಾಗುವ ಬಂಡೆ ಹೊಳೆಯುವ ಕಪ್ಪು. ಅದರ ಮೇಲಿನ ಪಾಚಿಯ ಪೊರೆ ಕಣ್ಣಿಗೆ ಕಾಣದಷ್ಟು ತೆಳು, ಎಂಥ ಬೂಟೂ ಅಲ್ಲಿ ಹಿಡಿಯುವುದಿಲ್ಲ. ಬಣ್ಣ ಬದಲಾಗುವ ಗೆರೆ ಕಂಡಲ್ಲಿ ನಿಲ್ಲಿ, ದಾಟಲೇಬೇಕಾದರೆ ಕೂತು ಜರುಗಿ.

ದಾರಿ ಮೇಲಕ್ಕೂ ಒಯ್ಯುತ್ತದೆ. ಅಲ್ಲಿಂದ ಕಿಲೊಂಬೆರೋ ಕಣಿವೆಯ ಕಬ್ಬಿನ ಗದ್ದೆಗಳು ಚೌಕಾಕಾರದಲ್ಲಿ ಕಾಣುತ್ತವೆ. ನೀರು ಕೆಳಗೆ ಬೀಳುವ ಅಂಚಿನಿಂದ ಕನಿಷ್ಠ ಐದು ಹೆಜ್ಜೆ ಹಿಂದಿರಿ, ಅಂಚಿನ ಮೇಲ್ಭಾಗದಲ್ಲಿ ಹೊಳೆಯನ್ನು ಯಾವ ಕಾರಣಕ್ಕೂ ದಾಟಬೇಡಿ, ಪಾದ ಮುಳುಗುವಷ್ಟೇ ನೀರಿದ್ದರೂ ಸರಿ. ಜಾರಿದರೆ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ಹೊಂಡದಲ್ಲಿ ಈಜಬಹುದು. ನೀರು ತಣ್ಣಗೆ, ರಭಸದಿಂದ ಹರಿಯುವ ಕಾಡಿನ ನೀರು. ಕಣಿವೆಯ ಗದ್ದೆ, ಕಾಲುವೆಗಳ ನಿಂತ ನೀರಿನಲ್ಲಿ ಬಸವನಹುಳುವಿನಿಂದ ಹರಡುವ ಬಿಲ್ಹಾರ್ಜಿಯಾ ರೋಗದ ಭಯವಿದೆ, ಅಲ್ಲಿ ಕಾಲೂ ಇಳಿಸಬೇಡಿ. ಹೊಂಡಕ್ಕೆ ಇಳಿಯುವ ಮುನ್ನ ಒಂದು ಕೆಲಸ ಮಾಡಿ. ದಡದಲ್ಲಿ ಅರ್ಧ ಮುಳುಗಿದ ಕಲ್ಲೊಂದನ್ನು ಗುರುತಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡಿ. ಕಲ್ಲು ಇನ್ನಷ್ಟು ಮುಳುಗಿದ್ದರೆ, ನೀರು ಕೆಂಪಗೆ ತಿರುಗಿದರೆ, ಎಲೆ ಕಡ್ಡಿ ಒಮ್ಮೆಲೇ ತೇಲಿಬರತೊಡಗಿದರೆ ಮೇಲೆ ಎಲ್ಲೋ ಮಳೆ ಹೊಡೆದಿದೆ ಎಂದರ್ಥ, ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ. ತಕ್ಷಣ ಹೊರಬಂದು, ದಾರಿ ಇರುವ ದಡಕ್ಕೇ ಏರಿ. ಬಟ್ಟೆ ಆಚೆ ದಡದಲ್ಲಿದ್ದರೆ ಬಿಟ್ಟುಬಿಡಿ.

ನೀರು ಬೀಳುವ ಧಾರೆಯ ಕೆಳಗೆ ನಿಲ್ಲಬೇಡಿ. ಎತ್ತರದಿಂದ ನೀರಿನ ಜೊತೆ ಕಲ್ಲು, ಕೊಂಬೆಯೂ ಬರುತ್ತದೆ. ನೊರೆ ಏಳುವ ಜಾಗದಲ್ಲಿ ನೀರಿನಲ್ಲಿ ಗಾಳಿ ಬೆರೆತು ಮೈ ತೇಲುವುದಿಲ್ಲ, ಒಳ್ಳೆಯ ಈಜುಗಾರರೂ ಮುಳುಗುತ್ತಾರೆ. ಎತ್ತರದಿಂದ ಹಾರುವುದಂತೂ ಬೇಡವೇ ಬೇಡ. ಡ್ರೋನ್ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಇಳಿದ ಮೇಲೆ

ಇಳಿಯುವಾಗ ಬೂಟಿನ ದಾರ ಬಿಗಿಮಾಡಿ, ಇಲ್ಲವಾದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಚೀಲದಲ್ಲಿ ಒಂದು ಲೀಟರ್ ನೀರು ಇಳಿಯುವುದಕ್ಕೆಂದೇ ಉಳಿಸಿಕೊಂಡಿರಿ. ಗೈಡ್‌ಗೆ ಭಕ್ಷೀಸು ನೇರ ಕೈಗೆ ಕೊಡಿ, ಕಚೇರಿಯಲ್ಲಿ ಕಟ್ಟಿದ ಶುಲ್ಕ ಅವರ ಜೇಬಿಗೆ ಪೂರ್ತಿ ಸೇರುವುದಲ್ಲ. ಕೊಠಡಿಗೆ ಬಂದು ಕಂಕುಳು, ಮಂಡಿಯ ಹಿಂಭಾಗ, ಸೊಂಟದ ಸುತ್ತ ಉಣ್ಣಿ ಕಚ್ಚಿದೆಯೇ ನೋಡಿಕೊಳ್ಳಿ.

ಜೊತೆಯಲ್ಲಿ ಹಿರಿಯರು, ಸಣ್ಣ ಮಕ್ಕಳು ಇದ್ದರೆ ಸಾಂಜೆ ಬಿಟ್ಟು ಉದ್ಯಾನದ ಕಚೇರಿಯ ಬಳಿಯಿಂದಲೇ ಹೊರಡುವ ಪ್ರಿನ್ಸ್ ಬರ್ನ್‌ಹಾರ್ಡ್ ಜಲಪಾತದ ದಾರಿ ಹಿಡಿಯಿರಿ. ಸುಮಾರು ಒಂದು ಕಿ.ಮೀ., ಮುಕ್ಕಾಲು ಗಂಟೆಯ ಕೆಲಸ. ಜಲಪಾತ ಸಣ್ಣದು, ಕಾಡು ಅದೇ. ದಾರಿಯಲ್ಲಿ ಸಿಗುವ ಊರಿನ ಹಿರಿಯರಿಗೆ "ಶಿಕಮೋ" ಅನ್ನಿ, "ಮರಹಬಾ" ಎಂದು ಉತ್ತರ ಬರುತ್ತದೆ.

ದೊಡ್ಡ ಆಸ್ಪತ್ರೆ ಇರುವುದು ದಕ್ಷಿಣಕ್ಕೆ ಇಫಕಾರಾದಲ್ಲಿ, ಸೇಂಟ್ ಫ್ರಾನ್ಸಿಸ್. ಪ್ರವಾಸ ವಿಮೆಯಲ್ಲಿ ತುರ್ತು ಸಾಗಣೆಯ ಖರ್ಚು ಸೇರಿದೆಯೇ ನೋಡಿಕೊಳ್ಳಿ. ಊರಿಗೆ ಬಂದ ಮೂರು ತಿಂಗಳೊಳಗೆ ಜ್ವರ ಬಂದರೆ ವೈರಲ್ ಇರಬಹುದೆಂದು ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ. ಅದೇ ದಿನ ವೈದ್ಯರ ಬಳಿ ಹೋಗಿ, ಟಾಂಜಾನಿಯಾಕ್ಕೆ ಹೋಗಿದ್ದಾಗಿ ನೀವೇ ಬಾಯಿಬಿಟ್ಟು ಹೇಳಿ ಫಾಲ್ಸಿಪಾರಂ ಪರೀಕ್ಷೆ ಮಾಡಿಸಿ. ಮೊದಲ ಫಲಿತಾಂಶ ನೆಗೆಟಿವ್ ಬಂದು ಜ್ವರ ಇಳಿಯದಿದ್ದರೆ ಮರುದಿನ ಮತ್ತೊಮ್ಮೆ ಮಾಡಿಸಿ.